ಗೇಷೆಯ ಬೀರುವಿನಲ್ಲಿದ್ದ ಹಳೇ ಕಂಪ್ಯೂಟರು

ಕಂಪ್ಯೂಟರ್ ಕೈಕೊಡುವುದು ಯಾವ ಊರಿಗೂ ಹೊಸದಲ್ಲ. ಆದರೆ ಕಡಲ ದಂಡೆಯ ನಮ್ಮೂರು ನಾರ್ಡರ್‌ಜೀಲ್‌ನಲ್ಲಿ ಅದು ಕೈಕೊಟ್ಟರೆ ಕಡಲು ಮನೆಯೊಳಗೆ ಬರಬಹುದು. ನಮ್ಮ ಹೊಲ, ಮನೆ, ಶಾಲೆ ಎಲ್ಲವೂ ಕಡಲು ಉಕ್ಕುವ ಭರತದ ನೀರಿಗಿಂತ ತಗ್ಗಿನಲ್ಲಿವೆ. ನಡುವೆ ಇರುವುದು ಒಂದು ಏರಿ ಮಾತ್ರ. ಮಣ್ಣಿನ ಏರಿ, ಅದರ ಮೇಲೆ ಹುಲ್ಲು, ಹುಲ್ಲು ಮೇಯುವ ಕುರಿ. ರಸ್ತೆ ಹಾದುಹೋಗುವ ನಾಲ್ಕು ಕಡೆ ಏರಿಯಲ್ಲಿ ಬಾಗಿಲುಗಳಿವೆ. ಬಿರುಗಾಳಿಯ ದಿನ ಅವಕ್ಕೆ ದಪ್ಪ ಹಲಗೆ ಜೋಡಿಸಿ ಮುಚ್ಚಬೇಕು. ಯಾವ ಬಾಗಿಲಿಗೆ ಯಾರ್ಯಾರು, ಅವರ ಫೋನ್ ನಂಬರ್ ಏನು, ಹಲಗೆ ಕೊಟ್ಟಿಗೆಯ ಕೀಲಿ ಯಾರ ಹತ್ತಿರ ಇದೆ, ಇದೆಲ್ಲ ಇರುವುದು ಒಂದು ಪಟ್ಟಿಯಲ್ಲಿ. ಆ ಪಟ್ಟಿ ಗೇಷೆಯದು.

ಗೇಷೆ ನಮ್ಮ ಏರಿ ಸಂಘದ ಗುಮಾಸ್ತೆ. ಮೂವತ್ತೊಂದು ವರ್ಷದ ಸರ್ವೀಸು. ನಾನು ಅದೇ ಕಚೇರಿಯಲ್ಲಿ ನಕ್ಷೆ ನೋಡಿಕೊಳ್ಳುವವನು. ನನ್ನ ಮೇಜು ಅವಳ ಎದುರಿಗೇ ಇದೆ, ಹಾಗಾಗಿ ಇಲ್ಲಿ ಹೇಳುವುದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ.

ನಮ್ಮ ಕಚೇರಿಯ ಗೋಡೆಗೆ ಒಂದು ಹಳೇ ಸಲಿಕೆ ತೂಗುಹಾಕಿದೆ. ಹಿಂದಿನ ಕಾಲದಲ್ಲಿ ಪ್ರತಿ ಮನೆಗೂ ಏರಿಯ ಒಂದು ತುಂಡು ಪಾಲಿಗಿತ್ತು. ಅದನ್ನು ಆ ಮನೆಯವರೇ ರಿಪೇರಿ ಮಾಡಬೇಕು. ಆಗದವನು ತನ್ನ ಸಲಿಕೆಯನ್ನು ಏರಿಗೆ ಚುಚ್ಚಿ ಊರು ಬಿಡಬೇಕಿತ್ತು. ಆ ಸಲಿಕೆ ಕಿತ್ತವನಿಗೆ ಅವನ ಹೊಲಮನೆಯೂ ಸಿಗುತ್ತಿತ್ತು, ರಿಪೇರಿಯ ಭಾರವೂ ಬೀಳುತ್ತಿತ್ತು. ಈಗ ಆ ಕಾನೂನಿಲ್ಲ. ಆದರೆ ಯಾರಾದರೂ ಕೆಲಸ ಕೈಬಿಟ್ಟರೆ "ಸಲಿಕೆ ಚುಚ್ಚಿದ" ಎಂಬ ಬೈಗುಳ ಮಾತ್ರ ಉಳಿದಿದೆ.

ಏಪ್ರಿಲ್‌ನಲ್ಲಿ ಜಿಲ್ಲಾ ಕಚೇರಿಯಿಂದ ಲೆವ್ಕೆ ಎಂಬವರು ಬಂದರು. ಪಕ್ಕದೂರಿನ ತೂಬಿನ ಕಾವಲುಗಾರನ ಮಗಳು, ಕಂಪ್ಯೂಟರ್ ಕಲಿಸುವ ಕೆಲಸ. ರಾಜ್ಯದ ಕಚೇರಿಗಳೆಲ್ಲ ಅಮೆರಿಕದ ಕಂಪನಿಯ ತಂತ್ರಾಂಶ ಬಿಟ್ಟು ಓಪನ್ ಸೋರ್ಸ್ ತಂತ್ರಾಂಶಕ್ಕೆ ಬದಲಾಗುತ್ತಿದ್ದವು. ನಮ್ಮ ಸಂಘವೂ ಬದಲಾಗಬೇಕೆಂದು ಸಭೆಯಲ್ಲಿ ತೀರ್ಮಾನವಾಗಿತ್ತು.

"ಮೊಯಿನ್, ಗೇಷೆಯವರೇ," ಅಂದರು ಲೆವ್ಕೆ. ನಮ್ಮಲ್ಲಿ ಬೆಳಿಗ್ಗೆಗೂ ಅದೇ, ಸಂಜೆಗೂ ಅದೇ ನಮಸ್ಕಾರ.

"ಮೊಯಿನ್. ಈಗಿರೋದೇನು ಕೆಟ್ಟು ಹೋಗಿದ್ಯಾ?" ಎಂದಳು ಗೇಷೆ, ತಲೆ ಎತ್ತದೆ.

"ಕೆಟ್ಟಿಲ್ಲ. ಆದ್ರೆ ಅದು ನಮ್ಮದಲ್ಲ. ಬಾಡಿಗೆಗೆ ಇದ್ದೀವಿ ಅಷ್ಟೇ. ಒಳಗೆ ಹೇಗೆ ಕೆಲಸ ಮಾಡುತ್ತೆ ಅಂತ ನಾವು ನೋಡೋ ಹಾಗಿಲ್ಲ, ತಿದ್ದೋ ಹಾಗಿಲ್ಲ. ಅವರು ಬಾಗಿಲು ಹಾಕಿದ್ರೆ ನಾವು ಬೀದೀಲಿ."

"ಅಮೆರಿಕದವರು ಅಷ್ಟು ಕೆಟ್ಟವರಾ?"

"ಒಳ್ಳೆಯವರೇ ಇರಬಹುದು. ನಿಮ್ಮ ತಂಗಿ ಗಂಡನೂ ಒಳ್ಳೆಯವರೇ. ಅಂತ ನಿಮ್ಮ ಮನೆ ಕೀಲಿ ಅವರ ಜೇಬಲ್ಲಿ ಇಡ್ತೀರಾ?"

"ಅವನ ಜೇಬಲ್ಲಾ? ಅವನ ಜೇಬೇ ತೂತು," ಎಂದಳು ಗೇಷೆ. "ಸರಿ, ಈ ಹೊಸದನ್ನ ಯಾರು ಮಾಡಿರೋದು?"

"ಬೇರೆ ಬೇರೆ ದೇಶದ ಜನ. ಹೇಗೆ ಮಾಡಿದ್ದಾರೆ ಅನ್ನೋದನ್ನ ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ದಾರೆ. ಯಾರು ಬೇಕಾದ್ರೂ ಬಳಸಬಹುದು, ತಪ್ಪು ಕಂಡ್ರೆ ತಿದ್ದಬಹುದು."

"ಓಹೋ, ಪುಕ್ಕಟೆ! ಪುಕ್ಕಟೆ ಸಿಕ್ರೆ ನಂಗೊಂದಿರ್ಲಿ, ನಮ್ಮಪ್ಪಂಗೊಂದಿರ್ಲಿ ಅಂತ ನೀವೆಲ್ಲ ಓಡ್ತಾ ಇದ್ದೀರಿ. ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ ಕಣಮ್ಮ. ನಾಳೆ ಕೆಟ್ರೆ ಯಾರನ್ನ ಕೇಳಲಿ?"

"ಈ ಏರಿ ಯಾರದ್ದು, ಗೇಷೆಯವರೇ?"

ಗೇಷೆ ಕಾಫಿಗೆ ನೀರಿಡಲು ಎದ್ದು ಹೋದಳು.

ಲೆವ್ಕೆ ಮೂರು ಗುರುವಾರ ಬಂದು ಕಲಿಸಿದರು. ಕೊನೆಯ ದಿನ ಅಭ್ಯಾಸಕ್ಕೆಂದು, ಬಾಗಿಲು ಪಟ್ಟಿಯ ಒಂದು ಪ್ರತಿಯನ್ನು ಹೊಸ ತಂತ್ರಾಂಶದಲ್ಲಿ ಮಾಡಿ ಕಚೇರಿಯ ಸ್ವಂತ ಯಂತ್ರದಲ್ಲಿ ಇಡಿಸಿದರು. ಗೇಷೆ ಹಲ್ಲು ಕಚ್ಚಿಕೊಂಡು ಮಾಡಿದಳು. ಕಡತಕ್ಕೆ ಹೆಸರು ಕೊಡಿ ಅಂದಾಗ "ಲೆವ್ಕೆಯ ಕಾಟ" ಎಂದು ಹೊಡೆದಳು. ಲೆವ್ಕೆ ನಕ್ಕು, ಅದನ್ನು ಹಾಗೇ ಬಿಟ್ಟರು.

ಆಮೇಲೆ ಗೇಷೆ ಮಾಡಿದ್ದು ನಮ್ಮ ಕಡೆಯವರು ಮಾತ್ರ ಮಾಡುವಂಥ ಕೆಲಸ. ನಾವು ಕೊನೆಯವರೆಗೆ ವಾದ ಮಾಡುವವರಲ್ಲ. ಹೂಂ ಅಂದು, ಮನಸ್ಸಿಗೆ ಬಂದದ್ದನ್ನೇ ಮಾಡುವವರು. ವಾಪಸು ಕಳಿಸಬೇಕಿದ್ದ ಹಳೇ ಕಂಪ್ಯೂಟರನ್ನು ಅವಳು ಬೀರುವಿನಲ್ಲಿ, ಹಳದಿ ಮಳೆ ಕೋಟುಗಳ ಹಿಂದೆ ಬಚ್ಚಿಟ್ಟಳು. ಪ್ರತಿ ಶುಕ್ರವಾರ ಬೀರು ತೆರೆದು, ಕೋಟು ಸರಿಸಿ, ನಿಂತುಕೊಂಡೇ ಪಟ್ಟಿ ತಿದ್ದುತ್ತಿದ್ದಳು. ಮೇಜಿನ ಮೇಲೆ ಹೊಸ ತಂತ್ರಾಂಶ ತೆರೆದೇ ಇರುತ್ತಿತ್ತು, ಅದರಲ್ಲೊಂದು ಖಾಲಿ ಹಾಳೆ.

"ಏನಿದು?" ಎಂದು ನಾನು ಕೇಳಿದ್ದೆ.

"ಹಳೇ ಗಂಡನ ಪಾದವೇ ಗತಿ," ಎಂದಿದ್ದಳು. "ನೀನು ನಕ್ಷೆ ನೋಡ್ಕೋ."

ನಾನು ನಕ್ಷೆ ನೋಡಿಕೊಂಡೆ. ಇದರಲ್ಲಿ ನನ್ನ ತಪ್ಪೂ ಇದೆ.

ನವೆಂಬರಿನ ಒಂದು ಮಂಗಳವಾರ. ಬೆಳಿಗ್ಗೆ ಒಂಬತ್ತಕ್ಕೆ ಹವಾಮಾನ ಕಚೇರಿಯಿಂದ ಎಚ್ಚರಿಕೆ ಬಂತು. ಸಂಜೆ ಐದೂವರೆಯ ಭರತಕ್ಕೆ ವಾಯವ್ಯದ ಗಾಳಿ ಸೇರುತ್ತದೆ, ನೀರು ಎರಡೂವರೆ ಮೀಟರ್ ಹೆಚ್ಚು ಏರುತ್ತದೆ. ಮೂರು ಗಂಟೆಯೊಳಗೆ ನಾಲ್ಕೂ ಬಾಗಿಲು ಮುಚ್ಚಬೇಕು.

ಗೇಷೆ ಬೀರು ತೆರೆದಳು. ಹಳೇ ಕಂಪ್ಯೂಟರಿನ ಪರದೆಯ ಮೇಲೆ ಒಂದೇ ಸಾಲು: ಚಂದಾ ಅವಧಿ ಮುಗಿದಿದೆ, ಖಾತೆ ಮುಚ್ಚಲಾಗಿದೆ. ಪಟ್ಟಿ ಇದ್ದದ್ದು ಆ ಯಂತ್ರದಲ್ಲಿ ಅಲ್ಲ. ಕಂಪನಿಯ ಉಗ್ರಾಣದಲ್ಲಿ, ಸಾಗರದ ಆಚೆ ಎಲ್ಲೋ. ಸಂಘ ಬದಲಾಗಿತ್ತಲ್ಲ, ಆ ವಾರ ಮುಗಿದ ಚಂದಾ ಮುಂದುವರಿಸಿರಲಿಲ್ಲ. ಕಂಪನಿ ಒಪ್ಪಂದದ ಪ್ರಕಾರವೇ ಬಾಗಿಲು ಹಾಕಿತ್ತು.

ಅವಳು ಸಹಾಯವಾಣಿಗೆ ಫೋನ್ ಮಾಡಿದಳು. "ನಿಮ್ಮ ಕರೆ ನಮಗೆ ಅಮೂಲ್ಯ," ಎಂದಿತು ಯಂತ್ರದ ದನಿ. ಇಪ್ಪತ್ತು ನಿಮಿಷ ಅದನ್ನೇ ಹೇಳಿತು. ಅಲ್ಲಿ ಆಗಿನ್ನೂ ನಸುಕು, ಜನ ಎದ್ದಿರಲಿಲ್ಲ.

ಸಂಘದ ಅಧ್ಯಕ್ಷ ಕೇಟೆಲ್ ಬಂದ. ಎಪ್ಪತ್ತರ ಮುದುಕ, ಆಜಾನುಬಾಹು. "ಎಲ್ಲಿ ಪಟ್ಟಿ?"

ಗೇಷೆ ಗೋಡೆಯ ಮೇಲಿನ ಅಚ್ಚು ಪಟ್ಟಿ ತೋರಿಸಿದಳು. ಎರಡು ವರ್ಷ ಹಳೆಯದು. ಕೇಟೆಲ್ ಬೆರಳಿಟ್ಟು ಓದಿದ. "ಎರಡನೇ ಬಾಗಿಲಿಗೆ ಹಾಕಿರೋನು ಸತ್ತಿದ್ದಾನೆ. ನಾಲ್ಕನೇದಕ್ಕೆ ಮೊಮ್ಮೆ, ಅವನು ಸೊಂಟ ಮುರ್ಕೊಂಡು ಮಗಳ ಮನೇಲಿದ್ದಾನೆ. ಅವನ ಜಾಗಕ್ಕೆ ಯಾರು ಬಂದ್ರು?"

"ಇಂಕೆನ್. ಫೆಬ್ರವರೀಲಿ ಊರಿಗೆ ಹೊಸದಾಗಿ ಬಂದವಳು. ಕೊಟ್ಟಿಗೆ ಕೀಲಿ ಅವಳ ಹತ್ರ. ಅವಳ ಮನೆಗೆ ಬೀಗ. ಕೆಲಸಕ್ಕೆ ಎಲ್ಲಿ ಹೋಗ್ತಾಳೋ, ನಂಬರ್ ಏನೋ..." ಎಂದಳು ಗೇಷೆ.

"ಕೀಲಿ ಇಲ್ಲದಿದ್ರೆ ಬೀಗ ಒಡೀತೀನಿ. ಹಲಗೆ ಎತ್ತೋದಕ್ಕೆ ಆರು ಜನ ಬೇಕು. ಆ ಬಾಗಿಲಿನ ಆರು ಜನ ಯಾರು?"

ನಾಲ್ಕನೇ ಬಾಗಿಲಿನ ಹಿಂದೆ ಏಳು ಮನೆಗಳಿವೆ. ಒಂದರಲ್ಲಿ ಗೇಷೆಯ ತಂಗಿ, ಅವಳ ತೂತು ಜೇಬಿನ ಗಂಡ ಮತ್ತು ಹಾಸಿಗೆ ಹಿಡಿದ ಅತ್ತೆ. ಗೇಷೆ ಬೀರುವಿನ ಎದುರು ನಿಂತೇ ಇದ್ದಳು. ನನಗೂ ಭಯವಾಯಿತು. ಸುಳ್ಳು ಹೇಳುವುದಿಲ್ಲ.

ಹತ್ತೂಕಾಲಿಗೆ ಅವಳು ಲೆವ್ಕೆಗೆ ಫೋನ್ ಮಾಡಿದಳು. "ನಾನೊಂದು ಮೂರ್ಖ ಕೆಲಸ ಮಾಡಿದ್ದೀನಿ," ಎಂದೇ ಶುರು ಮಾಡಿದಳು. ಬೀರು, ಕೋಟು, ಶುಕ್ರವಾರ ಎಲ್ಲವನ್ನೂ ಹೇಳಿದಳು. ಕೇಟೆಲ್ ಅಲ್ಲೇ ನಿಂತು ಕೇಳಿದ.

ಲೆವ್ಕೆ ಬೈಯಲಿಲ್ಲ. "ನನ್ನ ಕಾಟ ಎಲ್ಲಿದೆ?" ಎಂದರು.

"ಏನು?"

"ಏಪ್ರಿಲ್‌ನಲ್ಲಿ ನನ್ನ ಹೆಸರಲ್ಲಿ ಒಂದು ಕಡತ ಇಟ್ರಲ್ಲ. ಅದು ನಿಮ್ಮ ಯಂತ್ರದಲ್ಲೇ ಇದೆ. ಯಾರ ಅಪ್ಪಣೆಯೂ ಬೇಡ. ತೆಗೀರಿ."

ತೆಗೆದಳು. ತೆರೆದುಕೊಂಡಿತು. ಮೊಮ್ಮೆ ಊರು ಬಿಟ್ಟದ್ದು ಮಾರ್ಚ್‌ನಲ್ಲಿ, ಆದ್ದರಿಂದ ಪಟ್ಟಿಯಲ್ಲಿ ಇಂಕೆನ್ ಇದ್ದಳು, ಅವಳ ನಂಬರ್ ಇತ್ತು, ಉಳಿದ ಐವರೂ ಇದ್ದರು. ಬೇರೆ ಬಾಗಿಲುಗಳಲ್ಲಿ ಮೂರು ಹೆಸರು ಮಾತ್ರ ಬದಲಾಗಿದ್ದವು. ಅವು ಗೇಷೆಗೆ ನೆನಪಿದ್ದವು. ಲೆವ್ಕೆ ಫೋನಿನಲ್ಲಿ ಹೇಳುತ್ತ ಹೋದಂತೆ ಅವಳೇ ತಿದ್ದಿ, ಅಚ್ಚು ತೆಗೆದಳು. ಕೊನೆಯ ಕಾಲಮ್ಮಿನ ಅಂಚು ಕಾಗದದಿಂದಾಚೆ ಹೋಗಿತ್ತು. ಪೆನ್ನಿನಲ್ಲಿ ಬರೆದುಕೊಂಡೆವು.

ಇಂಕೆನ್ ಪಕ್ಕದೂರಿನ ಬೇಕರಿಯಲ್ಲಿದ್ದಳು, ಹಿಟ್ಟು ಮೆತ್ತಿದ ಕೈಯಲ್ಲೇ ಹೊರಟು ಬಂದಳು. ಎರಡೂವರೆಗೆ, ಕೊನೆಯದಾಗಿ, ನಾಲ್ಕನೇ ಬಾಗಿಲೂ ಮುಚ್ಚಿತು. ಸಂಜೆ ನೀರು ಐದನೇ ಹಲಗೆಯವರೆಗೆ ಏರಿ ನಿಂತಿತು. ಏಳು ಮನೆಯ ಅಂಗಳವೂ ಒಣಗಿಯೇ ಇತ್ತು.

ಮರುದಿನ ಗೇಷೆ ಹಳೇ ಯಂತ್ರವನ್ನು ಬೀರುವಿನಿಂದ ಹೊರಗಿಟ್ಟು ಕೇಟೆಲ್ ಮುಂದೆ ನಿಂತಳು. "ಶಿಕ್ಷೆ ಏನಿದ್ರೂ ಕೊಡು."

ಕೇಟೆಲ್ ಪೈಪು ಕೆದಕಿದ. "ಊರು ಕೊಳ್ಳೆ ಹೋಗೋ ಮುಂಚೆ ಬಾಗಿಲು ಹಾಕಿದ್ಯಲ್ಲ. ಹೋಗು, ಆ ಕಾಲಮ್ ಸರಿ ಮಾಡ್ಸು."

ಕಾಲಮ್ ಸರಿ ಮಾಡಿಸುವುದು ಹೇಗೆ? ಮುಂದಿನ ಗುರುವಾರ ಲೆವ್ಕೆ ತೋರಿಸಿದರು. ತಂತ್ರಾಂಶ ಮಾಡುವವರು ದೂರು ಬರೆಯಲೆಂದೇ ಒಂದು ಪುಟ ಇಟ್ಟಿದ್ದಾರೆ. ಗೇಷೆ ಬರೆದಳು. ಏಳು ಸಾಲು, ಅದರಲ್ಲಿ ಆರು ಸಾಲು ಬೈಗುಳ. ಬೈಗುಳ ತೆಗೆಸಿ ಲೆವ್ಕೆ ಕಳಿಸಿದರು. ನಾಲ್ಕನೇ ದಿನ ಅದನ್ನು ಮಾಡುವವರಲ್ಲೊಬ್ಬಳು, ಆಸ್ಟ್ರಿಯದ ಬೆಟ್ಟದೂರಿನ ಹೆಂಗಸು, ಮರು ಪ್ರಶ್ನೆ ಕೇಳಿದಳು. ಗೇಷೆ ಅಂಚು ಹೋದ ಕಾಗದದ ಚಿತ್ರ ಕಳಿಸಿದಳು. ಮೂರು ವಾರಕ್ಕೆ ಕಾಲಮ್ ಕಾಗದದೊಳಗೆ ಬಂತು, ನಮಗೆ ಮಾತ್ರವಲ್ಲ, ಅದನ್ನು ಬಳಸುವ ಎಲ್ಲರಿಗೂ. ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ ಒಂದು ಸಾಲಿತ್ತು: ತಪ್ಪು ತೋರಿಸಿದವರು, ನಾರ್ಡರ್‌ಜೀಲ್‌ನ ಗೇಷೆ. ಅವಳು ಆ ಸಾಲನ್ನು ನನಗೆ ಎರಡು ಸಲ ಓದಿ ಹೇಳಿದಳು. ಮೂರನೇ ಸಲ ಶುರುಮಾಡಿದಾಗ ನಾನು ಕಾಫಿಗೆ ಎದ್ದೆ.

ವಸಂತದಲ್ಲಿ ಏರಿ ನೋಡುವ ದಿನ ಬಂತು. ಸುತ್ತಲ ಸಂಘಗಳವರೆಲ್ಲ ಸೇರಿ ಏರಿಯ ಮೇಲೆ ನಡೆದು, ಇಲಿ ಬಿಲ, ಹುಲ್ಲು ಹೋದ ಜಾಗ ಗುರುತಿಸಿ, ಕೊನೆಗೆ ನಮ್ಮ ಕಚೇರಿಯಲ್ಲಿ ಬಟಾಣಿ ಸೂಪು ಕುಡಿಯುತ್ತಾರೆ. ತೆಂಕಣ ಸಂಘದ ಕಾರ್ಯದರ್ಶಿ ಸೂಪು ಹೀರುತ್ತ ಗೇಷೆಯನ್ನು ಕೆಣಕಿದ. "ನಾವಂತೂ ಬದಲಾಗೋದಿಲ್ಲಪ್ಪ. ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ. ಕೆಟ್ರೆ ಯಾರನ್ನ ಕೇಳೋದು?"

ತನ್ನದೇ ಮಾತು ತನಗೇ ವಾಪಸು ಬಂದದ್ದು ಗೇಷೆಗೆ ಗೊತ್ತಾಯಿತು. ಚಮಚ ಕೆಳಗಿಟ್ಟು, ಗೋಡೆಯ ಮೇಲಿನ ಸಲಿಕೆ ತೆಗೆದು ಅವನ ತಟ್ಟೆಯ ಪಕ್ಕ ಇಟ್ಟಳು.

"ನಾನು ಮೂವತ್ತೊಂದು ವರ್ಷ ಈ ಏರಿ ಕೆಲಸ ಮಾಡಿದೆ," ಎಂದಳು. "ಆದ್ರೆ ನನ್ನ ಪಟ್ಟಿ ವಿಷಯದಲ್ಲಿ ಸಲಿಕೆ ಚುಚ್ಚಿಬಿಟ್ಟಿದ್ದೆ. ನನಗೇ ಗೊತ್ತಿರಲಿಲ್ಲ. ಆ ಮಂಗಳವಾರ ನನ್ನ ತಂಗಿ ಮನೆಯೊಳಗೆ ನೀರು ಬರೋದ್ರಲ್ಲಿತ್ತು ಕಣಯ್ಯ. ಈಗ ಸಲಿಕೆ ಕಿತ್ಕೊಂಡಿದ್ದೀನಿ. ಕೆಟ್ರೆ ಯಾರನ್ನ ಕೇಳೋದು ಅಂದ್ಯಲ್ಲ? ನನ್ನನ್ನ ಕೇಳು. ಗುರುವಾರ ಬರ್ತೀನಿ."

ಆತ ಸಲಿಕೆಯನ್ನು ನೋಡಿದ, ಸೂಪು ನೋಡಿದ. "ಗುರುವಾರ ಎಷ್ಟು ಗಂಟೆಗೆ?" ಎಂದು ಕೇಳಿದ.

ಇದನ್ನು ಓದುತ್ತಿರುವ ನೀವು ಕಡಲ ದಂಡೆಯವರೇ ಆಗಬೇಕಿಲ್ಲ. ನಿಮ್ಮ ಶಾಲೆಯ ಹಾಜರಿ, ಸಂಘದ ಸದಸ್ಯರ ಪಟ್ಟಿ, ಆಸ್ಪತ್ರೆಯ ಚೀಟಿ ಎಲ್ಲವೂ ಯಾವುದೋ ತಂತ್ರಾಂಶದಲ್ಲಿ ಇದ್ದೇ ಇವೆ. ನಾಳೆ ಕಚೇರಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: ಚಂದಾ ನಿಂತರೆ ಇದು ತೆರೆಯುತ್ತದೆಯೇ? ತೆರೆಯುವುದಿಲ್ಲ ಎಂದಾದರೆ ಅದು ನಿಮ್ಮದಲ್ಲ. ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ, ಆಗುವುದಿಲ್ಲ, ಸಿಟ್ಟೂ ಬರುತ್ತದೆ. ಬಹಳ ಮುಖ್ಯವಾದ ಒಂದು ಪಟ್ಟಿಯನ್ನು ಮಾತ್ರ ತೆಗೆದುಕೊಂಡು, ಅದರ ಪ್ರತಿಯೊಂದನ್ನು ಓಪನ್ ಸೋರ್ಸ್ ತಂತ್ರಾಂಶದಲ್ಲಿ ಮಾಡಿ ನಿಮ್ಮ ಸ್ವಂತ ಯಂತ್ರದಲ್ಲಿ ಇಡಿ. ಹಳೆಯದಾಗದಂತೆ ಆಗಾಗ ತಿದ್ದುತ್ತಿರಿ. ಹೆಸರು ಏನು ಬೇಕಾದರೂ ಕೊಡಿ. ಇದನ್ನೆಲ್ಲ ಹೇಳಿ ತಲೆ ತಿಂದದ್ದಕ್ಕೆ "ನಕ್ಷೆಯವನ ಕಾಟ" ಎಂದಾದರೂ ಇಡಿ, ಬೇಜಾರಿಲ್ಲ. ಆದರೆ ಇವತ್ತೇ ಇಡಿ.