ಹನಿ ಬೀಳದ ಹಸಿರು ಕಾರು

ಹನಿ ಹನಿ ಕೂಡಿದರೆ ಹಳ್ಳ, ಹನಿಯೇ ಇಲ್ಲವೆಂದವ ಸುಳ್ಳ. ಗಾದೆ ತಿರುಚಿದ್ದು ಹೌದು. ಕಥೆ ಮಾತ್ರ ನೆಟ್ಟಗಿದೆ, ನಡೆದದ್ದು ನಡೆದ ಹಾಗೆ.

ಯಾರ್ಕ್‌ಶೈರಿನ ಉಣ್ಣೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ನೆವಿಲ್ ಬೂತ್ರಾಯ್ಡ್ ನಿವೃತ್ತನಾದ ಮೇಲೆ ಏಳು ವರ್ಷವನ್ನು ಒಂದು ಕಾರಿನ ಹೊಟ್ಟೆಯೊಳಗೇ ಕಳೆದ. ಅರವತ್ತೆರಡನೇ ಇಸವಿಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಬಟ್ಟೆಯ ಮಾಡು, ಕಡು ಹಸಿರು. ಯಾರದೋ ಕೋಳಿಗೂಡಿನಲ್ಲಿ ತುಕ್ಕು ಹಿಡಿಯುತ್ತಿದ್ದುದನ್ನು ತಂದು, ಒಂದೊಂದು ತಿರುಪನ್ನೂ ಬಿಚ್ಚಿ ಹೊಸದು ಮಾಡಿದ್ದ. ಮುಗಿಯುವ ಹೊತ್ತಿಗೆ ಅವನ ಸೊಂಟದ ಕೀಲಿಗೇ ತುಕ್ಕು ಹಿಡಿದಿತ್ತು. ನೆಲಕ್ಕಂಟಿದ ಆ ಸೀಟಿನಿಂದ ಏಳಬೇಕಾದರೆ ಹೆಂಡತಿ ಡೊರೀನ್ ಎರಡೂ ಕೈ ಹಿಡಿದು ಎಳೆಯಬೇಕು. ಅವಳ ಭುಜವೂ ನೋಯತೊಡಗಿದಾಗ ಕಾರು ಮಾರುವುದೆಂದು ತೀರ್ಮಾನವಾಯಿತು.

ಹಳೆ ಕಾರುಗಳ ಕ್ಲಬ್ಬಿನ ಪತ್ರಿಕೆಗೆ ಜಾಹೀರಾತು ಬರೆದ. ಕೊನೆಯ ಸಾಲು: ‘ನೆಲಕ್ಕೆ ಒಂದು ಹನಿ ಎಣ್ಣೆಯೂ ಬೀಳುವುದಿಲ್ಲ.’

ಆ ಸಾಲು ಕ್ಲಬ್ಬಿನವರ ಹೊಟ್ಟೆ ಉರಿಸಿತು. ಆ ಕಾಲದ ಕಾರುಗಳು ನಿಂತಲ್ಲೆಲ್ಲ ನಾಯಿಯಂತೆ ಗುರುತು ಬಿಟ್ಟು ಹೋಗುವಂಥವು. ಭಾನುವಾರ ಪಬ್ಬಿನಂಗಳಕ್ಕೆ ಬಂದವರು ಇಳಿದ ಕೂಡಲೇ ಕಾರಿನಡಿಗೆ ಒಂದು ರಟ್ಟು ತಳ್ಳುವುದು ಪದ್ಧತಿ. ಪಬ್ಬಿನವನ ಕಲ್ಲುಹಾಸಿಗೆ ಅಷ್ಟು ಮರ್ಯಾದೆ. ನೆವಿಲ್ ಮಾತ್ರ ರಟ್ಟು ತರುತ್ತಿರಲಿಲ್ಲ. ತಾನು ತಂದಿಲ್ಲವೆಂಬುದನ್ನು ಎಲ್ಲರೂ ನೋಡುವವರೆಗೆ ಒಳಗೂ ಹೋಗುತ್ತಿರಲಿಲ್ಲ.

“ಎಣ್ಣೆ ಸೋರ್ತಿಲ್ಲ ಅಂದ್ರೆ ಎಣ್ಣೆ ಖಾಲಿಯಾಗಿದೆ ಅಂತ ಅರ್ಥ ಮಾರಾಯ,” ಎಂದು ಗೆಳೆಯ ಕ್ಲಿಫ್ ವಾರವಾರವೂ ಹೇಳುತ್ತಿದ್ದ. ನಿವೃತ್ತ ಬಸ್ ಕಂಡಕ್ಟರ್ ಅವನು. ಪಾದ್ರಿಯಿಂದ ಹಿಡಿದು ಸ್ಟಾರ್ಟಾಗದ ಕಾರಿನವರೆಗೆ ಯಾವ ದನಿಯನ್ನಾದರೂ ತೆಗೆಯಬಲ್ಲ. ನೆವಿಲ್ ಬಾಗಿಲಲ್ಲಿ ಕಂಡರೆ ಸಾಕು, ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ‘ಟಪ್, ಟಪ್’ ಎನ್ನುತ್ತಿದ್ದ.

ಮೊದಲು ಬಂದವನು ಬೆಲೆ ಏರಲೆಂದು ಕಾರನ್ನು ಹತ್ತು ವರ್ಷ ಮುಚ್ಚಿಟ್ಟು ಮಾರುವ ವ್ಯಾಪಾರಿ. ನೆವಿಲ್ ಅವನಿಗೆ ಚಹಾ ಕೊಟ್ಟ, ಕಾರು ಕೊಡಲಿಲ್ಲ. ಆಮೇಲೆ ವಿಟ್ಬಿಯಿಂದ ಮೇವಿಸ್ ಹೋಲ್ರಾಯ್ಡ್ ಎಂಬ ಹೆಂಗಸು ಫೋನು ಮಾಡಿದಳು. ಶನಿವಾರ ಬಸ್ಸಿನಲ್ಲಿ ಬರುವೆ, ಮನಸ್ಸಿಗೆ ಬಂದರೆ ಅದೇ ಕಾರು ಓಡಿಸಿಕೊಂಡು ಮನೆಗೆ ಹೋಗುವೆ, ದಿನಾ ಓಡಿಸುವೆ ಎಂದಳು. ನೆವಿಲ್‌ಗೆ ಬೇಕಾಗಿದ್ದವಳು ಇಂಥವಳೇ.

“ಒಂದೇ ಮಾತು,” ಎಂದಳು ಆಕೆ. “ಇಂಥಾ ಜಾಹೀರಾತು ನಂಬಿ ಮೂರು ಸಲ ಮೋಸ ಹೋಗಿದೀನಿ. ಆ ಹನಿ ವಿಷಯ ಸುಳ್ಳಾದ್ರೆ ಬಂದ ಬಸ್ಸಲ್ಲೇ ವಾಪಸ್ ಹೋಗ್ತೀನಿ.”

ಮಂಗಳವಾರ ಬೆಳಿಗ್ಗೆ ಗ್ಯಾರೇಜಿನ ನೆಲದ ಮೇಲೆ, ಇಂಜಿನ್ನಿನ ನೇರಕ್ಕೆ, ನಾಣ್ಯದಗಲ ಎಣ್ಣೆ.

ನೆವಿಲ್ ಸೊಂಟವನ್ನು ಶಪಿಸುತ್ತ ಅಡಿಗೆ ತೆವಳಿದ. ಮೇಲೆಲ್ಲೂ ಒದ್ದೆ ಇರಲಿಲ್ಲ. ಆದರೂ ಆ ಜಾತಿಯ ಕಾರಿಗೆ ಸೋರುವುದೇ ಧರ್ಮ ಎಂದು ಅವನ ಮನಸ್ಸು ಒಳಗೊಳಗೇ ಒಪ್ಪಿಬಿಟ್ಟಿತು. ಬುಧವಾರ ಮತ್ತೆ ಹನಿ, ಎಣ್ಣೆ ತಡೆಯುವ ಸೀಲು ಬದಲಿಸಿದ. ಗುರುವಾರ, ಶುಕ್ರವಾರವೂ ಹನಿ. ಅಡಿಯ ಎಣ್ಣೆತೊಟ್ಟಿ ಬಿಚ್ಚಿ ಪ್ಯಾಕಿಂಗ್ ಬದಲಿಸಿದ. ಯಾರಿಗೂ ಹೇಳಲಿಲ್ಲ, ಹೇಳುವುದಾದರೂ ಯಾವ ಬಾಯಿಂದ? ಶುಕ್ರವಾರ ಸಂಜೆ ಬಾಗಿಲು ತೆರೆದ ಕೂಡಲೇ ಮೂತಿ ಕಾಣಲೆಂದು ಕಾರನ್ನು ತಿರುಗಿಸಿ ನಿಲ್ಲಿಸಿ, ಎಂದಿನಂತೆ ಹಳೆ ಬೆಡ್‌ಶೀಟು ಹೊದಿಸಿದ. ಶನಿವಾರ ಬೆಳಿಗ್ಗೆ ಬಗ್ಗಿ ನೋಡಿದರೆ ಮತ್ತೆ ಹನಿ. ಜೀವಮಾನದಲ್ಲಿ ಮೊದಲ ಸಲ ಒಂದು ರಟ್ಟು ಹುಡುಕಿ ಅದರ ಮೇಲೆ ಮುಚ್ಚಿದ.

ಮೇವಿಸ್ ಚರ್ಮದ ಟೋಪಿ ಹಾಕಿಕೊಂಡೇ ಬಂದಳು. ಹಿಂದೆಯೇ ಕ್ಲಿಫ್ ಓಡುತ್ತ ಬಂದ; ಡೊರೀನ್ ಚಹಾದ ಪಾತ್ರೆ ತಂದಳು. ನೆವಿಲ್ ಬೆಡ್‌ಶೀಟು ಸರಿಸಿದ. ಮೇವಿಸ್ ಸೀಟಿನಲ್ಲಿ ಕೂತಳು, ಸ್ಟೀರಿಂಗ್ ಸವರಿದಳು, ಇಂಜಿನ್ ಶುರು ಮಾಡಿ ಕಣ್ಣು ಮುಚ್ಚಿ ಕೇಳಿದಳು. ರಟ್ಟನ್ನು ಆಕೆ ನೋಡಿರಲಿಲ್ಲ. ಸುಮ್ಮನಿದ್ದರೆ ವ್ಯಾಪಾರ ಕುದುರುತ್ತಿತ್ತು.

ನೆವಿಲ್ ಊರುಗೋಲಿನಿಂದ ರಟ್ಟನ್ನು ಆಚೆ ತಳ್ಳಿದ. “ಬರೆದ ದಿನ ಅದು ನಿಜ ಇತ್ತಮ್ಮ. ಈ ವಾರ ಸುಳ್ಳಾಗಿದೆ. ವಾಪಸ್ ಬಸ್ಸು ಹನ್ನೊಂದಕ್ಕಿದೆ.”

ಮೇವಿಸ್ ಇಳಿದು ಬಂದು ಮಂಡಿಯೂರಿ ಹನಿಯನ್ನು ನೋಡಿದಳು. ಕಾರನ್ನು ನೋಡಿದಳು.

“ಇಂಜಿನ್ ಯಾವ ಕಡೆ ಇದೆ ಬೂತ್ರಾಯ್ಡ್ ಅವ್ರೇ?”

“ಮುಂದೆ.”

“ಹನಿ ಹಿಂದೆ ಬಿದ್ದಿದೆಯಲ್ಲ. ಸ್ಟೆಪ್ನಿ ಟೈರಿಗೂ ಎಣ್ಣೆ ಹಾಕ್ತೀರಾ?”

ಡೊರೀನ್ ಚಹಾದ ಪಾತ್ರೆಯೊಳಗೆ ಏನನ್ನೋ ಹುಡುಕತೊಡಗಿದಳು. ಗ್ಯಾರೇಜಿನ ಇನ್ನೊಂದು ಬೀಗದಕೈ ಅಡುಗೆಮನೆಯ ಮೊಳೆಗೆ ನೇತಾಡುವುದು ನೆವಿಲ್‌ಗೆ ನೆನಪಾಯಿತು. ಅವನು ಕ್ಲಿಫ್‌ನ ಕಡೆ ತಿರುಗಿದ.

ಕ್ಲಿಫ್ ಜೇಬಿನಿಂದ ಕಣ್ಣಿಗೆ ಔಷಧಿ ಬಿಡುವ ಪುಟ್ಟ ಸೀಸೆ ತೆಗೆದ; ಒಳಗೆ ಇಂಜಿನ್ ಎಣ್ಣೆ. “ದಿನಾ ನೀನು ಗಡ್ಡ ಹೆರೆಯೋ ಹೊತ್ತಿಗೆ ಬರ್ತಿದ್ದೆ. ಬೆಡ್‌ಶೀಟ್ ಹೊದ್ದು ಮಲಗಿರೋದಕ್ಕೆ ತಲೆ ಯಾವ್ದು ಕಾಲು ಯಾವ್ದು ಅಂತ ನನಗೇನು ಗೊತ್ತು? ಇವರು ಬರೋಕ್ ಮುಂಚೆ ಹೇಳೋಣ ಅಂತಿದ್ದೆ ಕಣೋ. ಇವತ್ತು ಬಸ್ಸು ಬೇಗ ಬಂದ್ಬಿಟ್ಟಿದೆ. ನಾನು ಕಂಡಕ್ಟರ್ ಆಗಿದ್ದಾಗ ಒಂದಿನಾನೂ ಹಾಗೆ ಬಂದಿರಲಿಲ್ಲ.”

ಮೇವಿಸ್ ಎದ್ದು ಮಂಡಿ ಒರೆಸಿಕೊಂಡಳು. “ತನ್ನ ಕಾರಿನ ಮೇಲೆ ತಾನೇ ಚಾಡಿ ಹೇಳೋ ಮನುಷ್ಯನ್ನ ಈಗಲೇ ನೋಡಿದ್ದು. ಕಾಗದ ಪತ್ರ ತನ್ನಿ.”

ನೆವಿಲ್‌ನ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾನೆಂದು ಡೊರೀನ್ ಹತ್ತಿರ ಬಂದಳು. ಹಾಗೇನೂ ಇರಲಿಲ್ಲ; ಊರುಗೋಲು ಜಾರಿ, ಕಾರಿನ ತೆರೆದ ಬಾಗಿಲಿನಿಂದ ಸೀದಾ ಸೀಟಿನೊಳಗೆ ಕುಸಿದು ಕೂತ. ಇನ್ನು ಮೂವರೂ ಸೇರಿ ಎಳೆಯದೆ ಗತಿಯಿರಲಿಲ್ಲ. ಡೊರೀನ್ ಒಂದು ಕೈ, ಕ್ಲಿಫ್ ಒಂದು ಕೈ, ಕಾರಿನ ಹೊಸ ಒಡತಿ ಕೋಟಿನ ಕಾಲರು ಹಿಡಿದು ಎಳೆದರು. ಎಳೆಯುತ್ತ ಮೂವರಿಗೂ ನಗು ತಡೆಯಲಾಗದೆ ಕೈ ಸಡಿಲವಾಗಿ, ಅವನು ಮತ್ತೆ ಮತ್ತೆ ಒಳಕ್ಕೇ ಬೀಳುತ್ತಿದ್ದ. ಬೀದಿಯ ಕೊನೆಯವರೆಗೂ ಕೇಳಿಸಿದ್ದು ಮಾತ್ರ ಸೀಟಿನೊಳಗಿದ್ದವನ ನಗು.