ಪಾಳಿ ಸಿಗದ ಕಾಲು

ವಯಸ್ಸು ಐವತ್ತು ದಾಟಿದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ದಿನವಿಡೀ ಎತ್ತರದ ಮೇಜಿನ ಮುಂದೆ ನಿಂತೇ ಇರಬೇಕು. ಮಗುವಾಗಿದ್ದಾಗ ಪೋಲಿಯೊ ಬಂದು ಬಲಗಾಲು ಸೊರಗಿತ್ತು. ಹಣೆಬರಹವೆಂದು ಅಮ್ಮ ಕೈಚೆಲ್ಲಿದಾಗ ಪಟ್ಟು ಹಿಡಿದವಳು ಅಕ್ಕ. ಮಂಚದ ಕಾಲಿಗೆ ಹಳೆಯ ಸೈಕಲ್ ಟ್ಯೂಬು ಕಟ್ಟಿ, ಇನ್ನೊಂದು ತುದಿ ಅವಳ ಪಾದಕ್ಕೆ ಸಿಕ್ಕಿಸಿ, "ಎಳಿ ಪುಟ್ಟಿ, ಇನ್ನೊಂದ್ಸಲ ಎಳಿ" ಎಂದು ದಿನವೂ ಎಳೆಸಿದಳು. ಪುಟ್ಟಿ ಅತ್ತಳು, ಅಕ್ಕನ ಕೈ ಕಚ್ಚಿದಳು, ಕೊನೆಗೆ ಕುಂಟುತ್ತಲೇ ಆದರೂ ಯಾರ ಹಂಗಿಲ್ಲದೆ ನಡೆದಳು.

ಆ ಕಾಲು ಈಗ ಸೋಲತೊಡಗಿತ್ತು. ಮಧ್ಯಾಹ್ನದ ಹೊತ್ತಿಗೆ ತೊಡೆ ಅದುರುತ್ತಿತ್ತು. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಚ್ಚುವುದೂ ಬೇಡವೆನಿಸಿ ಬಾಗಿಲ ಬಳಿಯೇ ಗೋಡೆಗೊರಗಿ ಕೂತುಬಿಡುತ್ತಿದ್ದಳು. ನಿದ್ದೆ ಮಾಡಿ ಎದ್ದರೂ ಹೋಗದ ದಣಿವು.

"ಅಭ್ಯಾಸ ಬಿಟ್ಟಿದೀಯ, ಅದಕ್ಕೇ" ಎಂದಳು ಅಕ್ಕ. ಅವಳಿಗೆ ಗೊತ್ತಿದ್ದದ್ದು ಅದೊಂದೇ ಔಷಧ. ಪುಟ್ಟಿ ಎದುರಾಡದೆ ಮತ್ತೆ ವ್ಯಾಯಾಮಕ್ಕೆ ಕೂತಳು. ಕಾಲು ಇನ್ನಷ್ಟು ಕುಸಿಯಿತು. ಒಂದು ದಿನ ಕತ್ತರಿ ಹಿಡಿದುಕೊಂಡೇ ಮೇಜಿನ ಪಕ್ಕ ಬಿದ್ದಳು.

ಅಕ್ಕನೇ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಕಾಲನ್ನು ಒತ್ತಿ, ತಳ್ಳಿ ನೋಡಿದರು.

"ಮಾಂಸಖಂಡ ಅಂದ್ರೆ ಸಾವಿರಾರು ಎಳೆ ಅಮ್ಮ. ಒಂದೊಂದು ನರ ಒಂದೊಂದು ಗುಂಪನ್ನ ನೋಡ್ಕೊಳ್ಳುತ್ತೆ. ಲೋಟ ಎತ್ತೋಕೆ ನಾಲ್ಕಾರು ಗುಂಪು ಸಾಕು. ತುಂಬಿದ ಬಕೆಟ್ ಎತ್ಬೇಕಾದ್ರೆ ಹೆಚ್ಚು ಗುಂಪು ಬರ್ಬೇಕು, ನರಗಳೂ ಬೇಗ ಬೇಗ ಕರೀತಾ ಇರ್ಬೇಕು. ಹಗುರ ಕೆಲಸ ಇದ್ದಾಗ ಉಳಿದವು ಸುಮ್ನಿರ್ತವೆ."

"ಇವಳಿಗೇನಾಗಿದೆ?" ಅಕ್ಕನಿಗೆ ತಾಳ್ಮೆಯಿರಲಿಲ್ಲ.

"ಇವರ ಕಾಲಿನ ಎಷ್ಟೋ ನರ ಪೋಲಿಯೊ ಬಂದಾಗ್ಲೇ ಸತ್ತಿದ್ವು. ಉಳಿದವು ದಿಕ್ಕಿಲ್ಲದ ಎಳೆಗಳನ್ನೂ ತಾವೇ ಸಾಕ್ಕೊಂಡ್ವು. ಅದಕ್ಕೇ ನಡೆದಿದ್ದು. ಆದ್ರೆ ಕುರ್ಚಿಯಿಂದ ಏಳೋಕೂ ಇದ್ದಬದ್ದವೆಲ್ಲ ಬರ್ಬೇಕು. ಪಾಳಿ ಬದಲಾಯಿಸೋರೇ ಇಲ್ಲ. ದುಡಿದೂ ದುಡಿದೂ ಆ ನರಗಳು ಸೋತಿವೆ. ದಣಿಯೋ ಮುಂಚೇನೇ ಕೂತ್ಕೊಳ್ಬೇಕು ಇನ್ಮೇಲೆ."

"ಹಾಗಾದ್ರೆ ನಾನು ಎಳೆಸಿದ್ದೇ ತಪ್ಪಾ?"

"ಆಗ ಮಾಡಿದ್ದು ಸರೀನೇ. ಈಗ ಮಾಡ್ಬೇಡಿ."

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. ಪುಟ್ಟಿಯೇ ಮಾತು ತೆಗೆದಳು.

"ನಂಗೆ ಯಾವತ್ತೋ ಸಾಕಾಗಿತ್ತು ಅಕ್ಕ."

"ಹೇಳ್ಬಾರ್ದಾಗಿತ್ತೇನೇ?"

"ಹೇಳಿದ್ರೆ ಕೇಳ್ತಿದ್ಯಾ?"

ಅಕ್ಕ ಯೋಚಿಸಿದಳು. "ಇಲ್ಲ" ಎಂದಳು. ಇಬ್ಬರಿಗೂ ನಗು ಬಂತು. ನಗಲೂ ತ್ರಾಣವಿಲ್ಲದವರ ನಗು.

ಮರುದಿನ ಅಕ್ಕ ಕಾರ್ಖಾನೆಯ ಮೇಲ್ವಿಚಾರಕನ ಮುಂದೆ ನಿಂತಳು. ಕೂತು ಕತ್ತರಿಸಿದರೆ ಬಟ್ಟೆ ಸೊಟ್ಟಗಾಗುತ್ತದೆ ಎಂದ ಅವನು. ಅಕ್ಕ ಅವನ ತಲೆ ತಿಂದಳು. ಕಡೆಗೆ, ಎತ್ತರದ ಸ್ಟೂಲು ಕೊಡುತ್ತೇನೆ, ಆದರೆ ಕಾಲರು, ಜೇಬಿನ ಸಣ್ಣ ತುಂಡುಗಳಷ್ಟೇ ಎಂದ. ಬಟ್ಟೆಯ ಇಡೀ ಥಾನಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿ ಓಡಿಸುತ್ತಿದ್ದ ಪುಟ್ಟಿಗೆ ಅದು ಕೆಳಗಿಳಿದಂತೆಯೇ. ಆದರೂ ಒಪ್ಪಿದಳು.

ಕಾಲು ಮೊದಲಿನಂತಾಗಲಿಲ್ಲ, ಸೋಲುವುದು ನಿಧಾನವಾಯಿತು, ಅಷ್ಟೇ. ಸಂಜೆ ಅಕ್ಕ ಗೇಟಿನ ಬಳಿ ಬಂದು ಅವಳ ಚೀಲ ಹೊರುತ್ತಾಳೆ. ದಾರಿಯ ಕಟ್ಟೆ ಕಂಡಲ್ಲೆಲ್ಲ ಮೊದಲು ಕೂರುವವಳು ಅಕ್ಕನೇ. "ನಂಗೂ ಸುಸ್ತಾಯ್ತು, ಬಾರೇ" ಎನ್ನುತ್ತಾಳೆ. ಅದು ಸುಳ್ಳೆಂದು ಗೊತ್ತಿದ್ದೂ ಪುಟ್ಟಿ ಹೋಗಿ ಪಕ್ಕದಲ್ಲಿ ಕೂರುತ್ತಾಳೆ.