ಗುತ್ತೆಪ್ಪನ ಕೈ

ಅಪ್ಪ ಹೋಗುವುದರೊಳಗೆ ಅವನ ಕೈಯನ್ನು ಟೇಪಿನಲ್ಲಿ ಹಿಡಿದಿಡಬೇಕು ಎಂಬ ಒಂದೇ ಹಠ ಗಿರಿಯಪ್ಪನಿಗೆ. ಹತ್ತಿಮತ್ತೂರಿನಲ್ಲಿ ಹಲಗೆ ಬಡಿಯುವವರಿಗೇನೂ ಬರವಿರಲಿಲ್ಲ. ಗಿರಿಯಪ್ಪನೂ ಬಡಿಯುತ್ತಿದ್ದ, ಜೋರಾಗಿಯೇ ಬಡಿಯುತ್ತಿದ್ದ. ಆದರೆ ಅವನಪ್ಪ ಗುತ್ತೆಪ್ಪ ಬಲಗೈಯ ದಪ್ಪ ಕೋಲಿನಿಂದ ಒಂದು ಪೆಟ್ಟು ಹಾಕಿದನೆಂದರೆ, ಎಡಗೈಯ ತೆಳ್ಳನೆ ಕಡ್ಡಿ ಅದರ ಹಿಂದೆಯೇ ಪಿಸುಪಿಸು ಮಾತಾಡುತ್ತಿತ್ತು. ಅದು ಮಗನಿಗೆ ಕೊನೆಗೂ ಒಲಿಯಲಿಲ್ಲ. ಈಗ ಮುದುಕನ ಎದೆಯಲ್ಲಿ ಕ್ಷಯ ಮನೆ ಮಾಡಿತ್ತು. ಡಾಕ್ಟರು ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟಿದ್ದರು.

ಎಂಬತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಅಪ್ಪನನ್ನು ಬಸ್ಸು ಹತ್ತಿಸಿಕೊಂಡು ಶಿಗ್ಗಾಂವಕ್ಕೆ ಹೋದ. ಅಲ್ಲಿ ಕಾಳಿನ ಗೋದಾಮಿನ ಮಾಳಿಗೆಯ ಮೇಲೆ ಹೊಳಬಸಪ್ಪ ಎಂಬವನು ಸ್ಟುಡಿಯೊ ಮಾಡಿ, ಭಜನೆ ಪದಗಳ ಕ್ಯಾಸೆಟ್ಟು ಹೊರಡಿಸುತ್ತಿದ್ದ. ಸದ್ದು ಒಳಬರದಿರಲೆಂದು ಗೋಡೆಗೆಲ್ಲ ಗೋಣಿಚೀಲ, ಹಳೇ ಗಾದಿ ಬಡಿದಿದ್ದ.

ತಾಪತ್ರಯ ಶುರುವಾದದ್ದೇ ಅಲ್ಲಿ. ಹಲಗೆಯನ್ನು ಬೆಂಕಿಗೆ ಕಾಯಿಸದಿದ್ದರೆ ಚರ್ಮ ಬಿಗಿಯುವುದಿಲ್ಲ, ಸದ್ದು ಏಳುವುದಿಲ್ಲ. ಗೋಣಿಚೀಲದ ಕೋಣೆಯಲ್ಲಿ ಬೆಂಕಿ ಹಚ್ಚುವುದುಂಟೆ? ಗಿರಿಯಪ್ಪ ಕೆಳಗೆ ಅಂಗಳದಲ್ಲಿ ಕಾಯಿಸಿ ಓಡೋಡಿ ತಂದುಕೊಟ್ಟರೆ ಮುದುಕನಿಗೆ ಕೆಮ್ಮು. ಕೆಮ್ಮು ನಿಲ್ಲುವಷ್ಟರಲ್ಲಿ ಹಲಗೆ ತಣ್ಣಗೆ. ಸಾಲದ್ದಕ್ಕೆ ಹೈವೇ ಲಾರಿಗಳ ಹಾರ್ನು. ಹೇಗೋ ಒಂದು ಸಲ ಪೂರ್ತಿ ಬಡಿದು, ಗುತ್ತೆಪ್ಪ ಹೊರಗಿನ ಬೆಂಚಿನ ಮೇಲೆ ಮಲಗಿಬಿಟ್ಟ.

ಹೊಳಬಸಪ್ಪ ಟೇಪು ಕೇಳಿ ತಲೆಯಾಡಿಸಿದ. "ಸದ್ದು ಸತ್ತೈತಿ ಗಿರಿಯಪ್ಪ. ಚಿಂತಿ ಮಾಡಬ್ಯಾಡ, ಬೊಂಬಾಯಿಂದ ಒಂದು ಮಷೀನು ತಂದೇನಿ. ನೀ ಹಲಗಿ ಚೊಲೋ ಕಾಸಿ ಒಂದಽ ಒಂದು ಪೆಟ್ಟು ಹಾಕು, ಅದರಾಗ ತುಂಬಕೋತೇನಿ. ನಿಮ್ಮಪ್ಪನ ಪೆಟ್ಟು ಎಲ್ಲೆಲ್ಲಿ ಬಿದ್ದೈತಿ, ಅದನ್ನ ತಗದು ಅಲ್ಲೆಲ್ಲಾ ನಿನ್ನ ಪೆಟ್ಟು ಕುಂದ್ರಸ್ತೈತಿ."

"ತಾಳದ ಲೆಕ್ಕ ಅಪ್ಪಂದಽ ಇರ್ತೈತಲ್ರಿ?"

"ಲೆಕ್ಕ ಅವರ್ದು. ಸದ್ದಷ್ಟ ಬ್ಯಾರೆ."

ಗಿರಿಯಪ್ಪ ಅಂಗಳದಲ್ಲಿ ಹುಲ್ಲು ಉರಿಸಿ ಹಲಗೆ ಕಾಯಿಸಿದ. ಮೇಲಿಂದ ಇಳಿಬಿಟ್ಟ ಮೈಕಿನೆದುರು ಕೈಯೆತ್ತಿ ಒಂದು ಪೆಟ್ಟು ಕೊಟ್ಟ. ಆಮೇಲೆ ಮಷೀನು ತಿರುಗಿಸಿದಾಗ ಅವನ ಕಿವಿ ತಂಪಾಯಿತು. ಲಾರಿ ಇಲ್ಲ, ಕೆಮ್ಮಿಲ್ಲ, ಪೆಟ್ಟೊಂದೊಂದೂ ಖಣಖಣ. ಕುಣಿಯುವುದೊಂದು ಬಾಕಿ.

"ಹಳೇದು ಅಳಸ್ಲೇನು? ಆ ಟೇಪು ನಾಳಿ ಭಜನಿಗೆ ಬೇಕು," ಎಂದು ಹೊಳಬಸಪ್ಪ ಕೇಳಿದ.

"ಅಳಸ್ರಿ. ಅದನ್ನ ಯಾರು ಕೇಳ್ತಾರ್ರಿ," ಎಂದುಬಿಟ್ಟ ಆ ಪುಣ್ಯಾತ್ಮ! ಅಪ್ಪನನ್ನು ಎಬ್ಬಿಸಿ ಒಮ್ಮೆ ಕೇಳಿಸಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಮಷೀನಿನಿಂದ ತುಂಬಿಸಿದ ಕ್ಯಾಸೆಟ್ಟನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಊರಿಗೆ ಬಂದು, ಯಾರಿಗೂ ಹಚ್ಚದೆ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ.

ಮುಂಗಾರಿನ ಮಿರಗದ ಮಳೆ ಹಿಡಿದ ವಾರವೇ ಗುತ್ತೆಪ್ಪ ತೀರಿಕೊಂಡ.

ಹೆಣದ ಮುಂದೆ ಹಲಗೆ ಬೇಕು. ಆದರೆ ಚಿತೆಗೆ ಬೆಂಕಿ ಹಿಡಿಯುವ ಮಗ ಅಂದು ಹಲಗೆ ಮುಟ್ಟುವಂತಿಲ್ಲ, ಅದು ಅವರ ಮನೆತನದ ಕಟ್ಟಳೆ. ಓಣಿಯ ಮಾಳಪ್ಪ ಹಲಗೆ ಕೊರಳಿಗೆ ಹಾಕಿಕೊಂಡು ನಿಂತಿದ್ದ. ಗುತ್ತೆಪ್ಪನ ಹೆಂಡತಿ ಚೌಡವ್ವ ಅವನನ್ನು ತಡೆದಳು.

"ಊರ ಹೆಣಕ್ಕೆಲ್ಲ ಬಡದಾಂವ. ತನ್ನ ಹೆಣಕ್ಕ ತಾನಽ ಬಡಕೊಂಡು ಹೋಗ್ಲಿ. ಗಿರಿಯಾ, ಟೇಪು ಹಚ್ಚು."

ಹಚ್ಚಿದ. ಮಂದಿ ಭೇಷ್ ಎಂದರು. ಗಂಡನ ಎದೆಯ ಮೇಲೆ ಕೈಯಿಟ್ಟು ಕುಳಿತಿದ್ದ ಚೌಡವ್ವ ಸ್ವಲ್ಪ ಹೊತ್ತು ಕೇಳಿ ತಲೆಯೆತ್ತಿದಳು.

"ಇದು ನಿನ್ನ ಕೈ ಅಲ್ಲೇನೋ?"

ಗಿರಿಯಪ್ಪ ಟೇಪಿನ ಬಳಿ ಬಾಗಿದ. ಆಗಷ್ಟೇ ಅವನೂ ಕಿವಿಗೊಟ್ಟು ಕೇಳಿದ. ಅದೇ ಪೆಟ್ಟು, ಮತ್ತೆ ಅದೇ ಪೆಟ್ಟು, ಎಲ್ಲವೂ ತನ್ನವು. ನಡುವೆ ಏನೂ ಇಲ್ಲ. ಮಷೀನಿಗೆ ದಪ್ಪ ಕೋಲು ಮಾತ್ರ ಕೇಳಿಸಿತ್ತು. ತೆಳ್ಳನೆ ಕಡ್ಡಿಯ ಪಿಸುಮಾತನ್ನು ಅದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೆಂಕಿ ಹಿಡಿಯಬೇಕಾದ ಕೈಯೇ ಅಪ್ಪನ ಹೆಣದ ಮುಂದೆ ಹಲಗೆ ಬಡಿಯುತ್ತಿತ್ತು.

"ನಿಮ್ಮಪ್ಪನ್ನ ಎಲ್ಲಿ ಬಿಟ್ಟು ಬಂದಿ?" ಎಂದಳು ಚೌಡವ್ವ.

"ಅಳಸ್ಯಾರವ್ವ," ಎಂದ ಗಿರಿಯಪ್ಪ. "ನಾನಽ ಅಳಸ್ರಿ ಅಂದೆ."

ಚೌಡವ್ವ ಟೇಪು ನಿಲ್ಲಿಸಿದಳು. ಮಾಳಪ್ಪ ಕೋಲು ಎತ್ತಿದ. ಅವಳು ಬೇಡವೆಂದು ಕೈ ಮಾಡಿ, ಹೊರುವವರ ಕಡೆ ತಿರುಗಿದಳು.

"ಎತ್ರಿ. ಹಿಂಗಽ ಹೋಗ್ಲಿ."